ಬಿಸಿಲಿಗೆ ತಕ್ಕ ಟೋಪಿ

ಬೆಂಗಳೂರಿನಲ್ಲಿ ಸೆಕೆಯೇ ಇಲ್ಲವೆಂಬ ಮಾತು ಈಗ ಹಳೆಯದಾಯಿತು. ೨೦೧೬ರ ಏಪ್ರಿಲ್ ೨೪ರಂದು ನಗರದ ಉಷ್ಣತೆ ೩೯.೨ ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ೨೦೨೪ರ ಏಪ್ರಿಲ್ ೨೮ರಂದು ಅದು ೩೮.೫ ಡಿಗ್ರಿಯನ್ನು ಮುಟ್ಟಿತು. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿರುವ ಊರಿಗೆ ಇವು ಸಣ್ಣ ಅಂಕೆಗಳಲ್ಲ.

ಆದರೆ ಈ ಅಂಕೆಗಳನ್ನು ಓದುವಾಗ ನಾವು ಮರೆತುಬಿಡುವ ಸಂಗತಿಯೊಂದುಂಟು. ಅವು ಬಿಸಿಲಿನ ಉಷ್ಣತೆಗಳಲ್ಲ, ನೆರಳಿನ ಉಷ್ಣತೆಗಳು. ಹವಾಮಾನ ವೀಕ್ಷಣಾಲಯಗಳಲ್ಲಿ ಉಷ್ಣಮಾಪಕವನ್ನು ಬಯಲಿನಲ್ಲಿ ಹಾಗೆಯೇ ತೂಗುಹಾಕುವುದಿಲ್ಲ. ಅದಕ್ಕೆಂದೇ ಕಾಲುಗಳ ಮೇಲೆ ನಿಲ್ಲಿಸಿದ ಬಿಳಿಯ ಬಣ್ಣದ ಪೆಟ್ಟಿಗೆಯೊಂದಿರುತ್ತದೆ. ಅದರ ನಾಲ್ಕು ಪಕ್ಕಗಳಲ್ಲಿಯೂ ಓರೆಯಾಗಿ ಜೋಡಿಸಿದ ಪಟ್ಟಿಗಳು. ಗಾಳಿ ಒಳಹೊಕ್ಕು ಹೊರಬರಬಹುದು, ಬಿಸಿಲು ಬರಲಾರದು. ಮೇಲೆ ಎರಡು ಪದರಗಳ ಮಾಡು; ನಡುವೆ ಗಾಳಿಗೆ ತೆರವು. ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ರೂಪಿಸಿದವನು ಸ್ಕಾಟ್ಲೆಂಡಿನ ದೀಪಸ್ತಂಭಗಳ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್. ಕಾಲೇಜಿನ ವಿದ್ಯಾರ್ಥಿಗಳು ಬಲ್ಲ ಕಥೆಗಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಈತನ ಮಗನೇ.

ಉಷ್ಣಮಾಪಕಕ್ಕೆ ಇಷ್ಟೊಂದು ಉಪಚಾರವೇಕೆ? ಬಿಸಿಲಿನಲ್ಲಿಟ್ಟ ಉಷ್ಣಮಾಪಕವು ಗಾಳಿಯ ಉಷ್ಣತೆಯನ್ನು ತೋರಿಸದೆ, ಕಿರಣಗಳನ್ನು ಹೀರಿ ತಾನೆಷ್ಟು ಕಾದಿದೆ ಎಂಬುದನ್ನು ತೋರಿಸುತ್ತದೆ. ಅಂದಮೇಲೆ, ಪತ್ರಿಕೆಯಲ್ಲಿ ಅಚ್ಚಾಗುವ ೩೮ ಡಿಗ್ರಿಯು ಟೋಪಿ ತೊಟ್ಟ ಉಷ್ಣಮಾಪಕದ ಅನುಭವ. ಬರಿದಲೆಯಲ್ಲಿ ರಸ್ತೆ ನಡೆಯುವ ವಿದ್ಯಾರ್ಥಿಯ ಅನುಭವ ಬೇರೆಯೇ. ಗಾಜಿನ ಕೊಳವೆಗೆ ನಾವು ತೋರಿಸಿದ ವಿವೇಕವನ್ನು ನಮ್ಮ ಮಕ್ಕಳ ತಲೆಗೆ ತೋರಿಸಲಿಲ್ಲವೆಂಬುದೇ ಈ ಲೇಖನದ ದೂರು.

ಮೊದಲು ಲೆಕ್ಕವನ್ನು ನೋಡೋಣ. ಮೋಡವಿಲ್ಲದ ನಡುಹಗಲಿನಲ್ಲಿ ಸೂರ್ಯನಿಗೆ ಎದುರಾಗಿರುವ ಒಂದು ಚದರ ಮೀಟರ್ ವಿಸ್ತೀರ್ಣದ ಮೇಲೆ ಸುಮಾರು ೧೦೦೦ ವಾಟ್‌ನಷ್ಟು ಶಕ್ತಿ ಬೀಳುತ್ತದೆ. ಮೇಲಿನಿಂದ ನೋಡಿದರೆ ಮನುಷ್ಯನ ತಲೆ ೧೯ ಸೆಂಟಿಮೀಟರ್ ಉದ್ದದ, ೧೫ ಸೆಂಟಿಮೀಟರ್ ಅಗಲದ ಅಂಡಾಕೃತಿ. ಅದರ ವಿಸ್ತೀರ್ಣ ಸುಮಾರು ೨೨೦ ಚದರ ಸೆಂಟಿಮೀಟರ್. ಆದುದರಿಂದ ತಲೆಯ ಮೇಲೆ ಬೀಳುವುದು ೨೨ ವಾಟ್. ನಮ್ಮ ಕಪ್ಪುಕೂದಲು ಇದರ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಈಗ ಸುತ್ತಲೂ ೭.೫ ಸೆಂಟಿಮೀಟರ್ ಅಂಚುಳ್ಳ ಹ್ಯಾಟೊಂದನ್ನು ಇಡಿರಿ. ಅದು ತಡೆಯುವ ವಿಸ್ತೀರ್ಣ ಸುಮಾರು ೮೦೦ ಚದರ ಸೆಂಟಿಮೀಟರ್, ಎಂದರೆ ೮೦ ವಾಟ್. ಮೂಗು, ಕಿವಿ, ಕುತ್ತಿಗೆ, ಹೆಗಲುಗಳ ಮೇಲೆ ಬೀಳಬೇಕಾಗಿದ್ದ ೫೮ ವಾಟ್ ಅಂಚಿನ ಮೇಲೆಯೇ ನಿಂತಿತು. ಸುಮ್ಮನೆ ಕುಳಿತ ಮನುಷ್ಯನ ಇಡೀ ದೇಹ ಉತ್ಪಾದಿಸುವ ಉಷ್ಣ ಸುಮಾರು ೧೦೦ ವಾಟ್ ಮಾತ್ರ ಎಂಬುದನ್ನು ನೆನೆದರೆ, ಇದೇನೂ ಕಡೆಗಣಿಸುವಂಥ ಉಳಿತಾಯವಲ್ಲ.

ಸೂರ್ಯನು ನೆತ್ತಿಯ ಮೇಲಿರುವಾಗಿನ ಲೆಕ್ಕ ಇದು. ಬೆಂಗಳೂರು ೧೩ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದುದರಿಂದ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ೨೪ರ ಹಾಗೂ ಆಗಸ್ಟ್ ೧೮ರ ಸುಮಾರಿಗೆ, ಸೂರ್ಯ ಇಲ್ಲಿ ನೇರ ನೆತ್ತಿಗೆ ಬರುತ್ತಾನೆ. ೨೦೧೬ರ ದಾಖಲೆಯ ಸೆಕೆಯೂ ಏಪ್ರಿಲ್ ೨೪ರಂದೇ ಬಂದಿತ್ತು. ಆ ದಿನ ನಡುಹಗಲು ನಮ್ಮ ಗಡಿಯಾರದಲ್ಲಿ ೧೨ ಗಂಟೆ ೧೮ ನಿಮಿಷದ ಸುಮಾರಿಗೆ. ಮೂರು ಗಂಟೆಗಳ ಬಳಿಕ, ೩ ಗಂಟೆ ೧೮ ನಿಮಿಷಕ್ಕೆ, ಸೂರ್ಯ ದಿಗಂತದಿಂದ ೪೬ ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ೭.೫ ಸೆಂಟಿಮೀಟರ್ ಅಂಚಿನ ನೆರಳು ಅಂಚಿನಿಂದ ಕೆಳಕ್ಕೆ ೭.೮ ಸೆಂಟಿಮೀಟರ್ ಬೀಳುತ್ತದೆ. ಕಣ್ಣೂ ಮೂಗೂ ರಕ್ಷಿತ. ಇನ್ನೊಂದು ಗಂಟೆ ಕಳೆದರೆ ಸೂರ್ಯನ ಎತ್ತರ ೩೨ ಡಿಗ್ರಿಗೆ ಇಳಿದು, ನೆರಳು ೪.೬ ಸೆಂಟಿಮೀಟರಿಗೆ ಕುಗ್ಗುತ್ತದೆ. ತ್ರಿಕೋಣಮಿತಿಯ ಟ್ಯಾಂಜೆಂಟ್ ಕೋಷ್ಟಕದ ಉಪಯೋಗವೇನೆಂದು ಕೇಳುವ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕಹಾಕಿ ನೋಡಬಹುದು. ಮೂರು ಬೆರಳು ಅಗಲದ ಅಂಚು ಅಲಂಕಾರಕ್ಕೆ ಸಾಕು, ಬಿಸಿಲಿಗೆ ಸಾಲದು ಎಂಬುದು ಆಗ ಮನವರಿಕೆಯಾಗುತ್ತದೆ.

ಅಂಚು ಸುತ್ತಲೂ ಏಕಿರಬೇಕು, ಮುಂದೆ ಮಾತ್ರ ಚಾಚಿದ ಕ್ಯಾಪು ಸಾಲದೇ ಎಂದು ಕೇಳಬಹುದು. ಇದಕ್ಕೆ ಅಮೃತಹಳ್ಳಿಯೇ ಉತ್ತರ ಹೇಳುತ್ತದೆ. ಅಮೃತಹಳ್ಳಿಯು ಬಳ್ಳಾರಿ ರಸ್ತೆಯ ಪೂರ್ವಕ್ಕಿದೆ. ಇಲ್ಲಿಯ ವಿದ್ಯಾರ್ಥಿಗಳು ಬೆಳಗ್ಗೆ ಬಸ್ಸು ಹಿಡಿಯಲು ಪಶ್ಚಿಮಕ್ಕೆ ನಡೆಯುತ್ತಾರೆ. ಆಗ ಸೂರ್ಯ ಪೂರ್ವದಲ್ಲಿ, ಅವರ ಬೆನ್ನ ಹಿಂದೆ. ಮಧ್ಯಾಹ್ನ ಮೂರೂವರೆಗೆ ಹೆಬ್ಬಾಳದ ಕಡೆಯಿಂದ ಬಂದು ಬಸ್ಸಿಳಿದು ಪೂರ್ವಕ್ಕೆ ಮನೆಯತ್ತ ತಿರುಗುತ್ತಾರೆ. ಆಗ ಸೂರ್ಯ ಪಶ್ಚಿಮದಲ್ಲಿ, ಮತ್ತೆ ಬೆನ್ನ ಹಿಂದೆಯೇ. ಹೋಗುವಾಗಲೂ ಬರುವಾಗಲೂ ಬಿಸಿಲು ಹೊಡೆಯುವುದು ಹಿಂಗುತ್ತಿಗೆಗೆ, ಕಿವಿಗೆ. ಮುಂದೆ ಚಾಚಿದ ಕ್ಯಾಪು ಇವರಿಗೆ ವರ್ಷವಿಡೀ ನೆರಳು ಕೊಡುವುದು ಬಿಸಿಲೇ ಬೀಳದ ಮೂಗಿಗೆ! ನೋಟ್‌ಪುಸ್ತಕವನ್ನು ಕುತ್ತಿಗೆಯ ಹಿಂದಕ್ಕೆ ಹಿಡಿದು ನಡೆಯುವ ಹುಡುಗರನ್ನು ನಾನು ದಿನವೂ ಕಾಣುತ್ತೇನೆ. ಅವರು ಭೌತಶಾಸ್ತ್ರವನ್ನು ತಿಳಿದೋ ತಿಳಿಯದೆಯೋ ಸರಿಯಾಗಿಯೇ ಪ್ರಯೋಗಿಸುತ್ತಿದ್ದಾರೆ.

ಈ ಪ್ರಶ್ನೆ ವಿದ್ಯಾರ್ಥಿಗಳದ್ದು ಮಾತ್ರವಲ್ಲ. ಕರ್ನಾಟಕದ ಪೊಲೀಸ್ ಕಾನ್‌ಸ್ಟೇಬಲರು ಹಲವು ದಶಕಗಳ ಕಾಲ ಒಂದು ಪಕ್ಕದ ಅಂಚನ್ನು ಮೇಲಕ್ಕೆ ಮಡಿಸಿದ ಸ್ಲೌಚ್ ಹ್ಯಾಟನ್ನು ತೊಟ್ಟರು. ೨೦೨೫ರ ಅಕ್ಟೋಬರಿನಲ್ಲಿ ಸರ್ಕಾರವು ಅದರ ಸ್ಥಾನದಲ್ಲಿ ಕಡುನೀಲಿ ಬಣ್ಣದ ಪೀಕ್ ಕ್ಯಾಪನ್ನು ತಂದಿತು. ಹಳೆಯ ಹ್ಯಾಟು ಭಾರವೆಂದೂ ಓಡುವಾಗ ತಲೆಯಲ್ಲಿ ನಿಲ್ಲದೆಂದೂ ಇದ್ದ ದೂರು ನ್ಯಾಯವಾದದ್ದು. ತಲೆಯ ಮೇಲೆ ನಿಲ್ಲದ ಟೋಪಿಯಿಂದ ಯಾರಿಗೂ ನೆರಳಿಲ್ಲ. ಆದರೆ ಒಂದನ್ನು ಪಡೆಯುವಾಗ ಇನ್ನೊಂದನ್ನು ಕಳೆದುಕೊಂಡೆವು. ಹೊಸ ಕ್ಯಾಪು ಹಗುರ. ಆದರೆ ಕಿವಿಗೂ ಕುತ್ತಿಗೆಗೂ ಅದರಿಂದ ನೆರಳಿಲ್ಲ, ಬಣ್ಣವೂ ಉಷ್ಣವನ್ನು ಹೀರುವಂಥದು. ಬಂದೋಬಸ್ತಿಗೆಂದು ಗಂಟೆಗಟ್ಟಲೆ ಬಿಸಿಲಿನಲ್ಲಿ ನಿಲ್ಲುವವರಿಗಾದರೂ ಹಿಂಬದಿಗೆ ಸಿಕ್ಕಿಸಿಕೊಳ್ಳುವ ತಿಳಿಬಣ್ಣದ ಬಟ್ಟೆಯೊಂದನ್ನು ಒದಗಿಸುವುದು ದೊಡ್ಡ ವೆಚ್ಚವಲ್ಲ.

ಇನ್ನು ಬಣ್ಣದ ಮಾತು. ಟೋಪಿಯು ತಾನು ತಡೆದ ೮೦ ವಾಟನ್ನು ನುಂಗಿ ಸುಮ್ಮನಿರುವುದಿಲ್ಲ. ಹೀರಿದ ಭಾಗದಿಂದ ಅದು ಕಾಯುತ್ತದೆ. ಕಾದ ಉಷ್ಣವನ್ನು ಸಂವಹನದಿಂದ ಗಾಳಿಗೂ, ವಿಕಿರಣದಿಂದ ಮೇಲಕ್ಕೂ ಕೆಳಕ್ಕೂ ಬಿಟ್ಟುಕೊಡುತ್ತದೆ. ಕೆಳಕ್ಕೆ ಬಂದದ್ದು ತಲೆಗೇ ಬಂದಂತೆ. ಆದುದರಿಂದ ಮೇಲ್ಮೈ ಬಿಳಿ ಅಥವಾ ತಿಳಿಬಣ್ಣದ್ದಾಗಿರಬೇಕು. ಹೆಚ್ಚು ಬೆಳಕನ್ನು ಅದು ಮೊದಲೇ ಹಿಂದಿರುಗಿಸುತ್ತದೆ. ಅಂಚಿನ ತಳಮೈ ಮಾತ್ರ ಕಡುಬಣ್ಣದ್ದಾಗಿದ್ದರೆ ಮೇಲು. ಕಾಂಕ್ರೀಟು ರಸ್ತೆಯಿಂದ ಪುಟಿದು ಬರುವ ಬೆಳಕು ಬಿಳಿಯ ತಳಮೈಗೆ ತಾಗಿ ಕಣ್ಣಿಗೇ ಬೀಳುತ್ತದೆ. ಕಡುಬಣ್ಣ ಅದನ್ನು ಹೀರಿ ಕಣ್ಣಿಗೆ ಹಿತಕೊಡುತ್ತದೆ.

ನೇಯ್ಗೆಯನ್ನೂ ಪರೀಕ್ಷಿಸಬೇಕು. ಕೊಳ್ಳುವ ಮುನ್ನ ಟೋಪಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಒಳಗಿನಿಂದ ನಕ್ಷತ್ರಗಳಂತೆ ಬೆಳಕಿನ ಚುಕ್ಕೆಗಳು ಕಂಡರೆ, ಆ ರಂಧ್ರಗಳಲ್ಲಿ ಅತಿನೇರಿಳೆ ಕಿರಣಗಳೂ ಹಾಯುತ್ತವೆ. ಒತ್ತಾಗಿ ನೇಯ್ದ ಹತ್ತಿ ಅಥವಾ ಒತ್ತಾಗಿ ಹೆಣೆದ ಹುಲ್ಲು ಉತ್ತಮ. ಆದರೆ ಇಲ್ಲೊಂದು ತೊಡಕುಂಟು: ಕಿರಣಕ್ಕೆ ಎಡೆಗೊಡದ ಬಟ್ಟೆ ಗಾಳಿಗೂ ಎಡೆಗೊಡದು. ಅದಕ್ಕೆ ಪರಿಹಾರವನ್ನು ಸ್ಟೀವನ್‌ಸನ್ನನ ಪೆಟ್ಟಿಗೆಯೇ ಕಲಿಸುತ್ತದೆ. ನೆರಳು ಮೇಲಿನಿಂದ, ಗಾಳಿ ಪಕ್ಕದಿಂದ. ಮಾಡು ಮತ್ತು ಅಂಚುಗಳು ಒತ್ತಾಗಿರಲಿ. ಪಕ್ಕದ ಗೋಡೆಯಲ್ಲಿ ಜಾಲರಿಯೋ ತೂತುಗಳೋ ಇರಲಿ.

ಗಾಳಿಗೆ ಇಷ್ಟೊಂದು ಮಹತ್ವ ಏಕೆಂದರೆ, ನಮ್ಮ ದೇಹದ ದೊಡ್ಡ ತಂಪುಯಂತ್ರ ಬೆವರು. ಒಂದು ಗ್ರಾಂ ಬೆವರು ಆರುವಾಗ ಸುಮಾರು ೨೪೦೦ ಜೂಲ್ ಉಷ್ಣವನ್ನು ಕೊಂಡೊಯ್ಯುತ್ತದೆ. ನಿಮಿಷಕ್ಕೆ ಒಂದು ಗ್ರಾಂನಂತೆ ಆರಿದರೆ ೪೦ ವಾಟ್ ಆಯಿತು. ನೆತ್ತಿಗೆ ಅಂಟಿಕೊಂಡು ಆವಿಯನ್ನು ಹೊರಗೆ ಬಿಡದ ಟೋಪಿಯು ಬಿಸಿಲಿನಿಂದ ಉಳಿಸಿದ್ದನ್ನು ಬೆವರಿನಲ್ಲಿ ಕಳೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ನೂಲಿನ ಬಿಗಿ ಟೋಪಿಗಳು ಹಿಂಸೆಯಾಗುವುದು ಇದರಿಂದಲೇ. ತೇವ ಹೆಚ್ಚಿರುವ ಮಂಗಳೂರು, ಕಾಸರಗೋಡುಗಳಲ್ಲಿ ಬೆವರು ಆರುವುದೇ ನಿಧಾನವಾದ್ದರಿಂದ ಅಲ್ಲಿ ಗಾಳಿಯ ದಾರಿ ಇನ್ನೂ ಅಗತ್ಯ.

ನಮ್ಮ ಹಿರಿಯರು ಈ ಸೂತ್ರಗಳನ್ನು ಅರಿಯದವರೇನಲ್ಲ. ಬಯಲುಸೀಮೆಯ ರೈತನ ರುಮಾಲು ಹಲವು ಸುತ್ತುಗಳ ಹತ್ತಿಬಟ್ಟೆ. ಪದರಗಳ ನಡುವೆ ಸಿಕ್ಕಿದ ಗಾಳಿ ಉಷ್ಣವನ್ನು ತಡೆಯುತ್ತದೆ, ನೆನೆಸಿ ಸುತ್ತಿದರೆ ತಂಪನ್ನೂ ಕೊಡುತ್ತದೆ. ತುಳುನಾಡಿನ ಮುಟ್ಟಾಳೆಯು ಅಡಕೆಯ ಹಾಳೆಯಿಂದ ಮಾಡಿದ್ದು. ಹಗುರ, ಅಗ್ಗ, ಕಿರಣಕ್ಕೆ ಅಭೇದ್ಯ. ಬ್ರಿಟಿಷರ ಸೋಲಾ ಟೋಪಿಯೂ ನಮ್ಮ ಜೌಗುನೆಲದ ಗಿಡವೊಂದರ ಬೆಂಡಿನಿಂದಾದದ್ದೇ. ಸೋಲಾ ಎಂಬುದು ಆ ಗಿಡದ ಹೆಸರು, ಸೂರ್ಯವಾಚಕವಾದ ಇಂಗ್ಲಿಷ್ ಪದವಲ್ಲ. ಅದರ ಜಾಣತನವಿದ್ದುದು ಒಳಗಿನ ಪಟ್ಟಿಯಲ್ಲಿ: ಟೋಪಿ ಪಟ್ಟಿಯ ಮೇಲೆ ಕೂಡುತ್ತಿತ್ತು, ನೆತ್ತಿಗೂ ಬೆಂಡಿಗೂ ನಡುವೆ ಗಾಳಿ ಆಡುತ್ತಿತ್ತು. ರುಮಾಲಿಗೂ ಮುಟ್ಟಾಳೆಗೂ ಇರುವ ಕೊರತೆ ಒಂದೇ, ಅಂಚಿಲ್ಲ. ಅಡಕೆಯ ಹಾಳೆಗೆ ಅಗಲವಾದ ಅಂಚನ್ನು ಕೂಡಿಸಿ, ಒಳಗೆ ಹತ್ತಿಯ ಪಟ್ಟಿಯನ್ನಿಟ್ಟು ಟೋಪಿ ಮಾಡಬಾರದೇಕೆ? ಹಾಳೆಯಿಂದ ತಟ್ಟೆ ಮಾಡಲು ಕಲಿತ ನಾಡಿಗೆ ಇದು ಅಸಾಧ್ಯವಲ್ಲ.

ಕೊಳ್ಳುವವರಿಗೆ ಉಳಿದ ಮಾತುಗಳು ಕೆಲವೇ. ಕಿವಿಗಳ ಮೇಲುಗಡೆ ತಲೆಯ ಸುತ್ತಳತೆಯನ್ನು ದಾರದಿಂದ ಅಳೆದುಕೊಂಡು ಹೋಗಿರಿ. ಟೋಪಿ ತೊಟ್ಟಾಗ ಹಣೆಗೂ ಪಟ್ಟಿಗೂ ನಡುವೆ ಒಂದು ಬೆರಳು ನುಸುಳಬೇಕು. ನೆತ್ತಿಯ ಮೇಲೂ ಬೆರಳಷ್ಟು ತೆರವಿರಬೇಕು. ಹಣೆಪಟ್ಟಿ ಒಗೆಯಬಹುದಾದ ಹತ್ತಿಯದಾಗಿರಲಿ. ಗಾಳಿಗೆ ಹಾರದಂತೆ ಗಲ್ಲದ ದಾರವಿರಲಿ. ದ್ವಿಚಕ್ರ ವಾಹನದ ಮೇಲೆ ಮಾತ್ರ ಹೆಲ್ಮೆಟ್ಟೇ ಹೊರತು ಟೋಪಿಯಲ್ಲ. ಗಾಳಿಯೇ ೩೮ ಡಿಗ್ರಿಗೆ ಕಾದಿರುವಾಗ ಟೋಪಿಯು ಅದನ್ನು ತಣಿಸಲಾರದೆಂಬುದನ್ನೂ ಮರೆಯಬಾರದು. ಆಗ ನೀರು ಬೇಕು, ವಿಶ್ರಾಂತಿ ಬೇಕು.

ಎಲ್ಲವನ್ನೂ ಕೇಳಿ ವಿದ್ಯಾರ್ಥಿಗಳು ಹೇಳುವ ಮಾತು ನನಗೆ ಗೊತ್ತು: "ಎಲ್ಲರೂ ನಗುತ್ತಾರೆ, ಸಾರ್." ಟೋಪಿ ಹಾಕುವುದೆಂದರೆ ಮೋಸಮಾಡುವುದೆಂಬ ಅರ್ಥ ನಮ್ಮ ಆಡುಮಾತಿನಲ್ಲಿ ನೆಲೆಯೂರಿದೆ, ಹ್ಯಾಟು ಎಂದರೆ ದೊರೆತನವೆಂಬ ಹಳೆಯ ನೆನಪೂ ಇದೆ. ಆಸ್ಟ್ರೇಲಿಯದಲ್ಲಿಯೂ ಟೋಪಿಯ ಅಭ್ಯಾಸವನ್ನು ಪ್ರಯತ್ನದಿಂದಲೇ ಬೆಳೆಸಬೇಕಾಯಿತು. ಅಲ್ಲಿ ೧೯೮೧ರಲ್ಲಿ ಅಂಗಿ, ಲೇಪ, ಟೋಪಿಗಳ ಪ್ರಚಾರ ಮೊದಲಾಯಿತು. ಟೋಪಿಯಿಲ್ಲದ ಮಗುವಿಗೆ ಬಯಲಾಟವಿಲ್ಲವೆಂಬ ನಿಯಮ ಅನೇಕ ಶಾಲೆಗಳಲ್ಲಿ ಬಂದಿತು. ಅವರ ಭಯ ಚರ್ಮದ ಕ್ಯಾನ್ಸರಿನದು. ನಮ್ಮ ಚರ್ಮದ ಬಣ್ಣ ನಮಗೆ ಸ್ವಲ್ಪ ರಕ್ಷಣೆ ಕೊಡುವುದರಿಂದ ಆ ಕಾರಣವನ್ನು ಹಾಗೆಯೇ ಎರವಲು ತರಬೇಕಾಗಿಲ್ಲ. ಆದರೆ ಕಣ್ಣಿನ ಪೊರೆಗೆ ಅತಿನೇರಿಳೆ ಕಿರಣಗಳೂ ಒಂದು ಕಾರಣ. ಉಷ್ಣದ ಆಘಾತವಂತೂ ಯಾವ ಬಣ್ಣವನ್ನೂ ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯ ಕ್ರೀಡಾದಿನದಂದು ಮಕ್ಕಳು ಒಂದು ಗಂಟೆಗೂ ಮೀರಿ ಬಯಲಿನಲ್ಲಿ ಸಾಲಾಗಿ ನಿಂತಿದ್ದರು. ಸಮವಸ್ತ್ರದಲ್ಲಿ ಟೋಪಿಯಿರಲಿಲ್ಲ, ಬೇರೆ ಟೋಪಿ ತೊಡುವಂತಿರಲಿಲ್ಲ. ಮೂರನೆಯ ಭಾಷಣದ ನಡುವೆ ಹುಡುಗಿಯೊಬ್ಬಳು ಕುಸಿದುಬಿದ್ದಳು. ಬೆಳಗ್ಗೆ ತಿಂಡಿ ತಿಂದಿರಲಾರಳೆಂದು ನಾವು ಹೇಳಿಕೊಂಡೆವು. ಹಾಗೆ ಹೇಳಿದವರೆಲ್ಲರೂ ಶಾಮಿಯಾನದ ಕೆಳಗೆ ಕುಳಿತಿದ್ದೆವು, ನಾನೂ ಕುಳಿತಿದ್ದೆ. ಉಷ್ಣದ ಪ್ರಸರಣವನ್ನು ವರ್ಷವರ್ಷವೂ ಪಾಠ ಹೇಳುವ ನನಗೆ ಆ ಗಳಿಗೆಯಲ್ಲಿ ಅದರ ನೆನಪಾಗಲಿಲ್ಲವೆಂಬುದು ನಾಚಿಕೆಯ ಸಂಗತಿ.

ಆದುದರಿಂದ ನನ್ನ ಸಲಹೆ ಇಷ್ಟೇ. ಫೆಬ್ರವರಿಯಿಂದ ಮೇ ತಿಂಗಳವರೆಗಾದರೂ ತಿಳಿಬಣ್ಣದ, ಏಳೆಂಟು ಸೆಂಟಿಮೀಟರ್ ಅಂಚಿನ ಹತ್ತಿಯ ಟೋಪಿಯು ಶಾಲಾ ಕಾಲೇಜುಗಳ ಸಮವಸ್ತ್ರದ ಭಾಗವಾಗಲಿ. ಎಲ್ಲರೂ ತೊಟ್ಟಾಗ ನಗುವವರಾರು? ಅಲ್ಲಿಯವರೆಗೆ, ಬಯಲಿನಲ್ಲಿ ಮಕ್ಕಳನ್ನು ನಿಲ್ಲಿಸುವ ಹಿರಿಯರು ಶಾಮಿಯಾನದಿಂದ ಹೊರಬಂದು, ಬರಿದಲೆಯಲ್ಲಿ ಅವರೊಡನೆ ಹತ್ತು ನಿಮಿಷ ನಿಲ್ಲಲಿ. ಉಷ್ಣಮಾಪಕವು ಹೇಳದೆ ಉಳಿಸಿದ್ದನ್ನು ಅವರ ನೆತ್ತಿಯೇ ಹೇಳುತ್ತದೆ.