ಕಾಣದ ನೋವಿಗೆ ಸಾಕ್ಷಿ ಯಾರು?

ಇರುಳು ಹತ್ತು ಹೊಡೆದ ಮೇಲೆ ರಾಯಚೂರಿನ ನಮ್ಮ ಓಣಿಯಲ್ಲಿ ಸದ್ದಡಗುತ್ತದೆ. ಸ್ಟೇಷನ್ನಿನ ಕಡೆಯ ರೈಲಿನ ಕೂಗೂ ನಿಂತಾಗ ನನ್ನ ಎಡಗಿವಿಯೊಳಗಿನ ಜೀರುಂಡೆ ತನ್ನ ಕಾಯಕವನ್ನಾರಂಭಿಸುತ್ತದೆ. ಆರು ವರ್ಷಗಳಿಂದ ಅದು ಒಂದು ರಾತ್ರಿಯೂ ರಜೆ ಪಡೆದಿಲ್ಲ. ಮೊದಲ ವರ್ಷ ನಾನು ವೈದ್ಯರೊಬ್ಬರಲ್ಲಿಗೆ ಹೋದೆ. ಅವರು ನನ್ನನ್ನು ಸದ್ದು ಬಾರದ ಕೋಣೆಯಲ್ಲಿ ಕುಳ್ಳಿರಿಸಿ, ಶ್ರವಣಪರೀಕ್ಷೆ ಮಾಡಿಸಿ, ನಕ್ಷೆಯನ್ನು ನೋಡಿ, "ಮೇಷ್ಟ್ರೇ, ನಿಮಗೆ ಏನೂ ಇಲ್ಲ" ಎಂದರು. ಭಾಷೆಯನ್ನು ಕಲಿಸುವವನಾದ ನನಗೆ ಆ ವಾಕ್ಯವೇ ತಪ್ಪೆನಿಸಿತು. 'ಏನೂ ಕಾಣುವುದಿಲ್ಲ' ಎಂದಿದ್ದರೆ ಸರಿಯಾಗುತ್ತಿತ್ತು. 'ಕಾಣುವುದಿಲ್ಲ' ಎಂಬುದಕ್ಕೂ 'ಇಲ್ಲ' ಎಂಬುದಕ್ಕೂ ನಡುವಿನ ಅಂತರದಲ್ಲಿಯೇ ಕಿವಿಮೊರೆತದ ರೋಗಿಗಳೆಲ್ಲರೂ ಬಾಳುತ್ತಿದ್ದೇವೆ.

ಈ ವ್ಯಾಧಿ ಹೊಸದಲ್ಲ. ಸುಶ್ರುತಸಂಹಿತೆ ಕರ್ಣರೋಗಗಳಲ್ಲಿ ಇದನ್ನು 'ಕರ್ಣನಾದ'ವೆಂದು ಹೆಸರಿಸಿದೆ. ತನ್ನ ಕಿವಿಗಳು ಹಗಲಿರುಳೂ ಮೊರೆಯುತ್ತಿವೆಯೆಂದು ಸಂಗೀತಗಾರ ಬೀಥೋವನ್ 1801ರಲ್ಲಿಯೇ ಗೆಳೆಯನಿಗೆ ಪತ್ರ ಬರೆದನು. ಹೆಸರು ಇಷ್ಟು ಹಳೆಯದಾದರೂ ಅಳತೆಗೋಲು ಇನ್ನೂ ಕೈಗೆ ಬಂದಿಲ್ಲ. ರಕ್ತದ ಸಕ್ಕರೆಗೆ ಅಂಕೆಯುಂಟು, ಜ್ವರಕ್ಕೆ ಪಾದರಸವುಂಟು. ಕೆಲವೇ ಕೆಲವರಲ್ಲಿ, ರಕ್ತನಾಳದ ಸದ್ದೇ ಕಾರಣವಾದಾಗ, ವೈದ್ಯರೂ ಅದನ್ನು ಆಲಿಸಬಲ್ಲರು. ಉಳಿದವರ ಮೊರೆತವನ್ನು ಕೇಳುವ ಕಿವಿ ಒಂದೇ, ಅದು ರೋಗಿಯದೇ. ಹೊರಗಿನ ಸದ್ದಿನೊಡನೆ ಹೋಲಿಸಿ ನೋಡಿದರೆ ಅದು ಅನೇಕ ವೇಳೆ ಶ್ರವಣದ ಹೊಸ್ತಿಲಿನಿಂದ ಕೆಲವೇ ಡೆಸಿಬೆಲ್ ಮೇಲಿರುತ್ತದೆ. ಆದರೆ ಇಷ್ಟು ಮೆಲ್ಲನೆಯ ಸದ್ದು ಅಷ್ಟು ದೊಡ್ಡ ಸಂಕಟವಾಗುವ ಬಗೆಯನ್ನು ಡೆಸಿಬೆಲ್ ಹೇಳಲಾರದು. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣಶಕ್ತಿ ಸರಿಯಾಗಿದ್ದ 80 ಮಂದಿಯನ್ನು ನಿಶ್ಶಬ್ದ ಕೋಣೆಯಲ್ಲಿರಿಸಿದಾಗ ನೂರಕ್ಕೆ 94ರಷ್ಟು ಜನರಿಗೆ ಏನಾದರೊಂದು ಸದ್ದು ಕೇಳಿಸಿತು. ಸದ್ದು ಹೆಚ್ಚುಕಡಮೆ ಎಲ್ಲರಲ್ಲಿಯೂ ಇದೆ, ಸಂಕಟ ಮಾತ್ರ ಕೆಲವರದು.

ಆದುದರಿಂದ ಸಂಶೋಧಕರಿಗೆ ಪ್ರಶ್ನಾವಳಿಯೇ ಗತಿಯಾಗಿದೆ. 1996ರಲ್ಲಿ ಪ್ರಕಟವಾದ, ಇಂದಿಗೂ ಬಳಕೆಯಲ್ಲಿರುವ ಒಂದರಲ್ಲಿ 25 ಪ್ರಶ್ನೆಗಳು; 'ಹೌದು' ಎಂದರೆ 4, 'ಕೆಲವೊಮ್ಮೆ' ಎಂದರೆ 2, 'ಇಲ್ಲ' ಎಂದರೆ ಸೊನ್ನೆ. ನಾನೂ ತುಂಬಿದ್ದೇನೆ. ನಿದ್ದೆ ಬಂದ ಮರುದಿನ ಒಂದು ಮೊತ್ತ, ಬಾರದ ಮರುದಿನ ಇನ್ನೊಂದು! ಇಂತಹ ತಕ್ಕಡಿಯಲ್ಲಿ ಔಷಧವನ್ನು ತೂಗಿದರೆ, ಗುಣವಾದದ್ದು ಮದ್ದಿನಿಂದಲೋ ಭರವಸೆಯಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಕಣ್ಣಪಾಪೆಯ ಹಿಗ್ಗುವಿಕೆ, ಮುಖದ ಸೂಕ್ಷ್ಮ ಚಲನೆ ಇವು ಸಂಕಟದ ತೀವ್ರತೆಯನ್ನು ಸೂಚಿಸುತ್ತವೆಂದು ಅಮೆರಿಕದ ಸಂಶೋಧಕರು 2025ರಲ್ಲಿ ವರದಿ ಮಾಡಿದ್ದಾರೆ. ಇದು ಆಶಾದಾಯಕ, ಆದರೆ ಊರ ದವಾಖಾನೆಗೆ ಅದು ಬರುವ ದಿನ ದೂರವಿದೆ.

ಇದು ಪಂಡಿತರ ತರ್ಕವಷ್ಟೇ ಅಲ್ಲ. ದೇವದುರ್ಗದ ನನ್ನ ಬಂಧುವೊಬ್ಬರು ಹತ್ತಿ ಜಿನ್ನಿನಲ್ಲಿ ಬಹುಕಾಲ ದುಡಿದವರು. ಯಂತ್ರ ನಿಂತರೂ ಅವರ ತಲೆಯೊಳಗೆ ಅದು ತಿರುಗುತ್ತಲೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಂದಶ್ರವಣವನ್ನು ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬೆಲ್ ನಷ್ಟವೆಂದು ಅಳೆಯುತ್ತದೆ. ಕಳೆದುಕೊಂಡ ಸದ್ದಿಗೆ ಅಲ್ಲಿ ಲೆಕ್ಕವುಂಟು, ಬೇಡದೆ ಬಂದ ಸದ್ದಿಗಿಲ್ಲ. ಅವರು ಈಗ ಯಾರೊಡನೆಯೂ ಆ ಮಾತನ್ನೇ ಎತ್ತುವುದಿಲ್ಲ.

ಮಾನ್ವಿಗೆ ಹೋದಾಗಲೆಲ್ಲ ನನಗೆ ಜಗನ್ನಾಥದಾಸರ ಐತಿಹ್ಯ ನೆನಪಾಗುತ್ತದೆ. ಶ್ರೀನಿವಾಸಾಚಾರ್ಯರಾಗಿದ್ದಾಗ ಅವರು ವಿಜಯದಾಸರ ಭೋಜನದ ಕರೆಯನ್ನು ತಪ್ಪಿಸಿಕೊಳ್ಳಲು ಹೊಟ್ಟೆನೋವಿನ ನೆವ ಹೇಳಿದರಂತೆ. ಬಳಿಕ ಆ ನೋವು ನಿಜವಾಗಿಯೇ ಹತ್ತಿತಂತೆ. ಮೊದಲಿನ ಮಾತು ಸುಳ್ಳು, ಎರಡನೆಯದು ಸತ್ಯ; ಹೊರಗೆ ನಿಂತು ಕೇಳುವವರಿಗೆ ಎರಡೂ ಒಂದೇ. ಕಡೆಗೆ ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಅವರನ್ನು ಕಾಪಾಡಿದರೆಂದು ಕಥೆ. ಅವರು ನೋವಿಗೆ ಪುರಾವೆ ಕೇಳಿದರೆಂದು ನಾನು ಎಲ್ಲಿಯೂ ಕೇಳಿಲ್ಲ.

ವಿಜ್ಞಾನ ಪುರಾವೆ ಕೇಳಲೇಬೇಕು. ಕೇಳದಿದ್ದರೆ ನಮ್ಮ ಸಂಕಟ ಸುಳ್ಳುಮದ್ದಿನವರ ಪಾಲಾಗುತ್ತದೆ. ಅಳತೆಗೋಲನ್ನು ಹುಡುಕುವ ಕಾರ್ಯಕ್ಕೆ ಹಣವೂ ಬುದ್ಧಿಯೂ ಹರಿಯಲಿ. ಅದು ಸಿಗುವವರೆಗೆ ವೈದ್ಯರಲ್ಲಿ ನನ್ನ ವಿನಂತಿ ಒಂದೇ: 'ಏನೂ ಇಲ್ಲ' ಎನ್ನಬೇಡಿ. 'ನನಗೆ ಕಾಣುತ್ತಿಲ್ಲ, ನೀವು ಹೇಳಿ' ಎನ್ನಿ. ಮೊರೆತ ನಿಲ್ಲದಿದ್ದರೂ, ಅದನ್ನು ಒಬ್ಬನೇ ಕೇಳುವ ಕಷ್ಟವಾದರೂ ನಿಂತೀತು.