ಬಾವಿಗಿಳಿಯೋಕೆ ಮಿನಿ ಸ್ಕೂಬಾ ಸಾಕಾ? ಇಳಿಯೋ ಮುಂಚೆ ಗಾಳಿ ಲೆಕ್ಕ ನೋಡಿ

ಅರಸೀಕೆರೆ: ನೀರಿನ ಬಾಟಲಿಗಿಂತ ಸ್ವಲ್ಪ ದಪ್ಪ ಇರೋ ಸಿಲಿಂಡರ್, ಅದರ ತುದಿಯಲ್ಲಿ ಬಾಯಲ್ಲಿ ಕಚ್ಚಿಕೊಳ್ಳೋ ರಬ್ಬರ್ ತುಂಡು. ‘ಮಿನಿ ಸ್ಕೂಬಾ’ ಹೆಸರಲ್ಲಿ ಆನ್‌ಲೈನ್‌ನಲ್ಲಿ ಸಿಗುತ್ತೆ. ತರಬೇತಿ ಆಗಿದೆಯಾ, ಈಜು ಬರುತ್ತಾ ಅಂತ ಯಾರೂ ಕೇಳಲ್ಲ. ರೀಲ್ಸ್‌ನಲ್ಲಿ ನೋಡಿದವರಿಗೆ ಬಾವಿಗೆ ಬಿದ್ದ ಮೋಟರ್ ಎತ್ತೋಕೆ, ಕೆರೆಯಲ್ಲಿ ಮುಳುಗಿದವರನ್ನು ಹುಡುಕೋಕೆ ಇದಿದ್ದರೆ ಸಾಕು ಅನ್ನಿಸೋದು ಸಹಜ. ಆದರೆ ಲೆಕ್ಕ ಹಾಕಿದರೆ ಬೇರೆಯೇ ಕಥೆ.

ಗಾಳಿ ಎಷ್ಟು ಹೊತ್ತು ಬರುತ್ತೆ?

ಸಾಮಾನ್ಯವಾಗಿ ಸಿಗೋದು ಅರ್ಧ ಲೀಟರ್ ಸಿಲಿಂಡರ್. 200 ಬಾರ್ ಒತ್ತಡಕ್ಕೆ ತುಂಬಿದರೆ ಅದರಲ್ಲಿ ಸುಮಾರು 100 ಲೀಟರ್ ಗಾಳಿ ಇರುತ್ತೆ. ತರಬೇತಿ ಪಡೆದವರು ಬೆನ್ನಿಗೆ ಕಟ್ಟೋ ಸಿಲಿಂಡರ್‌ನಲ್ಲಿ 2,000 ಲೀಟರ್‌ಗೂ ಹೆಚ್ಚು.

ಈಜುವಾಗ ನಿಮಿಷಕ್ಕೆ 20 ಲೀಟರ್ ಗಾಳಿ ಎಳೀತೀವಿ ಅಂತಿಟ್ಟುಕೊಳ್ಳಿ. ನೀರಿನ ಮೇಲ್ಭಾಗದಲ್ಲೇ 5 ನಿಮಿಷಕ್ಕೆ ಸಿಲಿಂಡರ್ ಖಾಲಿ. ಸುಮಾರು 33 ಅಡಿ ಕೆಳಗೆ ಹೋದರೆ ಒತ್ತಡ ಎರಡರಷ್ಟಾಗುತ್ತೆ, ಗಾಳಿಯೂ ಎರಡರಷ್ಟು ಖರ್ಚು. ಅಲ್ಲಿಗೆ ಎರಡೂವರೆ ನಿಮಿಷ. ಗಾಬರಿಯಾಗಿ ಜೋರಾಗಿ ಉಸಿರಾಡಿದರೆ ಒಂದು ನಿಮಿಷವೂ ಸಿಗೋದು ಕಷ್ಟ. ಹೂಳು ಕದಡಿದ ನೀರಲ್ಲಿ ಸಿಲಿಂಡರ್ ಮೇಲಿನ ಗೇಜು ಕಾಣೋದೇ ಇಲ್ಲ.

ಈಜು ಬಲ್ಲವರಿಗೇ ಅಪಾಯ ಹೆಚ್ಚು

ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವರು ಉಸಿರು ಬಿಗಿಹಿಡಿದು ಮುಳುಗಿ, ಹಾಗೇ ಮೇಲೆ ಬರ್ತಾರೆ. ದಡದಲ್ಲಿ ಎಳೆದುಕೊಂಡ ಉಸಿರಾದ್ದರಿಂದ ತೊಂದರೆ ಆಗಲ್ಲ. ಸಿಲಿಂಡರ್ ಗಾಳಿ ಹಾಗಲ್ಲ. 33 ಅಡಿ ಕೆಳಗೆ ಎದೆ ತುಂಬ ಎಳೆದ ಗಾಳಿ ಮೇಲೆ ಬರೋವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತೆ. ಉಸಿರು ಬಿಡದೆ ಮೇಲೆ ಬಂದರೆ ಶ್ವಾಸಕೋಶ ಹರಿದು, ಗಾಳಿ ರಕ್ತಕ್ಕೆ ಸೇರಿ ಮೆದುಳಿಗೆ ಹೋಗಬಹುದು. ಲಕ್ವಾ ಹೊಡೆದಂತಾಗಿ ನೀರಲ್ಲೇ ಪ್ರಜ್ಞೆ ತಪ್ಪುತ್ತೆ. ಇದಕ್ಕೆ ಆಳವೂ ಬೇಕಿಲ್ಲ, ನಾಲ್ಕೈದು ಅಡಿಯಿಂದ ಬಂದರೂ ಆಗಬಹುದು. ಇದರ ಚಿಕಿತ್ಸೆಗೆ ಬೇಕಾದ ಒತ್ತಡದ ಕೋಣೆ ತಾಲೂಕು ಆಸ್ಪತ್ರೆಗಳಲ್ಲಿ ಇರಲ್ಲ.

ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿಸ್ತಾರಲ್ಲ ಅನ್ನಬಹುದು. ಅಲ್ಲಿ ಹೊಸಬರ ಜೊತೆ ತರಬೇತುದಾರರು ಇಳೀತಾರೆ. ‘ಉಸಿರು ಬಿಗಿಹಿಡಿಯಬೇಡಿ’ ಅನ್ನೋದು ಅಲ್ಲಿ ಮೊದಲ ಪಾಠ. ನಮ್ಮ ಕಂತೇನಹಳ್ಳಿ ಕೆರೆ, ಬೇಲೂರಿನ ವಿಷ್ಣುಸಮುದ್ರ, ಹಳೇಬೀಡಿನ ದ್ವಾರಸಮುದ್ರ, ಯಗಚಿ ಹಿನ್ನೀರಿಗೆ ಒಬ್ಬರೇ ಇಳಿದರೆ ಹೇಳೋರು ಯಾರು?

ಅಂಗಡಿಯವರ ಗಮನಕ್ಕೆ

ಇದನ್ನು ‘ಆಕ್ಸಿಜನ್ ಸಿಲಿಂಡರ್’ ಅಂತ ಕರೆಯೋದೇ ತಪ್ಪು. ಒಳಗೆ ಇರಬೇಕಾದ್ದು ಶುದ್ಧ ಮಾಮೂಲಿ ಗಾಳಿ. ಗ್ಯಾಸ್ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿದರೆ ಎಣ್ಣೆ ಜಿಡ್ಡು ತಗುಲಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ 20 ಅಡಿ ದಾಟಿದರೆ ಆ ಶುದ್ಧ ಆಕ್ಸಿಜನ್ನೇ ವಿಷವಾಗಿ ಫಿಟ್ಸ್ ಬರಬಹುದು. ಪಂಕ್ಚರ್ ಅಂಗಡಿ ಕಂಪ್ರೆಸರ್ ಕೂಡ ಆಗಲ್ಲ. ಕಾರ್ ಟಯರ್‌ಗೆ 32 ಪಿಎಸ್‌ಐ ಸಾಕು, ಈ ಸಿಲಿಂಡರ್‌ಗೆ ಬೇಕಾದ್ದು ಸುಮಾರು 2,900. ಎಣ್ಣೆ ಹೊಗೆ, ಇಂಜಿನ್ ಹೊಗೆ ಸೇರಿದ ಗಾಳಿ ಉಸಿರಾಡೋಕೆ ಯೋಗ್ಯವೂ ಅಲ್ಲ.

ಕಾನೂನಿನಲ್ಲೂ ಒಂದು ಸಂದು ಇದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ 500 ಮಿಲಿ ಲೀಟರ್ ಮೀರಿದ್ದು ಮಾತ್ರ ಗ್ಯಾಸ್ ಸಿಲಿಂಡರ್. ಒಂದು ಲೀಟರ್‌ನದ್ದಾದರೆ ನಾಗ್ಪುರದಲ್ಲಿ ಕೇಂದ್ರ ಕಚೇರಿ ಇರೋ ‘ಪೆಸೊ’ ಸಂಸ್ಥೆಯ ಒಪ್ಪಿಗೆ ಬೇಕು. ಅರ್ಧ ಲೀಟರ್‌ನದ್ದು ಸರಿಯಾಗಿ ಗೆರೆ ಮೇಲೆ ನಿಂತಿದೆ. ಒತ್ತಡ ಮಾತ್ರ ಎರಡಕ್ಕೂ ಒಂದೇ. ಹಾಗಾಗಿ ತರಿಸಿ ಮಾರೋ ಮುಂಚೆ, ಯಾರಾದರೂ ತುಂಬಿಸಿಕೊಡಿ ಅಂತ ಬಂದಾಗ ಯೋಚನೆ ಮಾಡಿ.

ಹಾಗಾದರೆ ಏನು ಮಾಡೋದು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿ ಪಾಲಾಯ್ತು. ನೀರಿನ ಸೆಳೆತಕ್ಕೆ ನೌಕಾಪಡೆಯ ಮುಳುಗು ತಜ್ಞರೇ ದಿನಗಟ್ಟಲೆ ಕಾಯಬೇಕಾಯ್ತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಪೂರ್ತಿ ಸಲಕರಣೆ ಇದ್ದವರ ಪಾಡೇ ಹೀಗಾದರೆ, ಬಾಟಲಿ ಗಾತ್ರದ ಸಿಲಿಂಡರ್ ಎಲ್ಲಿಗೆ ಸಾಕು?

ಬಾವಿಗೆ ಕೊಡ ಬಿದ್ದರೆ ಪಾತಾಳಗರಡಿ ಇದೆ, ಮೋಟರ್ ಬಿದ್ದರೆ ಎತ್ತೋ ಕೆಲಸದವರಿದ್ದಾರೆ. ಯಾರಾದರೂ ಮುಳುಗ್ತಿದ್ದರೆ ದಡದಿಂದಲೇ ಹಗ್ಗ, ಟಯರ್ ಟ್ಯೂಬ್, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ. ತಕ್ಷಣ 112ಕ್ಕೆ ಫೋನ್ ಮಾಡಿ. ಮನೆಗೆ ಈ ಸಿಲಿಂಡರ್ ಈಗಾಗಲೇ ಬಂದಿದ್ದರೆ, ತರಬೇತಿ ಆಗೋವರೆಗೂ ಹುಡುಗರ ಕೈಗೆ ಕೊಡಬೇಡಿ.