ಅಪ್ಪುಗೆಯ ಶಿಷ್ಟಾಚಾರ
ಬ್ಯೂನಸ್ ಐರಿಸ್‌ನ ಮಿಲೊಂಗಾಗಳಲ್ಲಿ, ಅಂದರೆ ನಸುಕಿನವರೆಗೂ ನಡೆಯುವ ಟ್ಯಾಂಗೋ ಕೂಟಗಳಲ್ಲಿ, ಮೈಯನ್ನು ಹಸನಾಗಿಟ್ಟುಕೊಳ್ಳುವುದು ಜೊತೆಗಾರರಿಗೆ ಸಲ್ಲಬೇಕಾದ ಗೌರವವೇ ಹೊರತು ಅಲಂಕಾರದ ಮಾತಲ್ಲ. ಏಕೆಂದರೆ 2009ರಲ್ಲಿ ಯುನೆಸ್ಕೋದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿದ ಈ ನೃತ್ಯದ ಬಿಗಿ ಅಪ್ಪುಗೆಯಲ್ಲಿ ಒಬ್ಬರ ಕೆನ್ನೆಯ ಬೆವರು ಇನ್ನೊಬ್ಬರ ಹಣೆಗೆ ಅಂಟುತ್ತದೆ, ಬೆನ್ನ ಮೇಲಿಟ್ಟ ಅಂಗೈಗೆ ಒದ್ದೆ ಬಟ್ಟೆಯೇ ಮೊದಲು ತಾಗುತ್ತದೆ. ಆಗತಾನೇ ಒಸರಿದ ಬೆವರಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆಯಿದ್ದು, ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ವಿಭಜಿಸಿದಾಗಲೇ ದುರ್ವಾಸನೆ ಹುಟ್ಟುವುದರಿಂದ, ಸುಗಂಧವನ್ನು ಮತ್ತೆ ಮತ್ತೆ ಸಿಂಪಡಿಸುವುದಕ್ಕಿಂತ ಮೈ ಒರೆಸಿಕೊಂಡು ಒಣ ಅಂಗಿ ತೊಡುವುದೇ ಸರಿಯಾದ ದಾರಿ. ಅದಕ್ಕೆ ಬೇಕಾದ ಬಿಡುವನ್ನು ಕೂಟದ ರಚನೆಯೇ ಒದಗಿಸುತ್ತದೆ: ಮೂರು ಅಥವಾ ನಾಲ್ಕು ಹಾಡುಗಳ ಗುಚ್ಛವಾದ ‘ತಾಂದಾ’ ಮುಗಿದೊಡನೆ, ಕುಣಿತಕ್ಕಲ್ಲದ ಕಿರು ಸಂಗೀತವಾದ ‘ಕೊರ್ತಿನಾ’ ಮೊಳಗಿ, ಜೋಡಿಗಳು ಬೇರ್ಪಟ್ಟು ಅಂಗಣ ತೆರವಾಗುತ್ತದೆ. ಪ್ರತಿ ತಾಂದಾಕ್ಕೂ ಎದ್ದೇಳುವ ಹಟ ಬಿಟ್ಟು, ಒಂದೆರಡನ್ನು ಕುಳಿತು ಕೇಳುತ್ತ ನೀರು ಕುಡಿದು ಪಾದಗಳಿಗೆ ವಿಶ್ರಾಂತಿ ಕೊಡುವವರು, ಕೂಟವನ್ನು ಮುಗಿಸುವ ವಾಡಿಕೆಯ ‘ಲಾ ಕುಂಪಾರ್ಸಿತಾ’ ನುಡಿಯುವವರೆಗೂ ಹಗುರವಾಗಿ ಉಳಿಯಬಲ್ಲರು. ಟ್ಯಾಂಗೋ ಕಲಿಸುವವರು ಹೆಜ್ಜೆಗಳಿಗೆ ಕೊಡುವಷ್ಟೇ ಮಹತ್ವವನ್ನು ಈ ಬಿಡುವಿನ ಬಳಕೆಗೂ ಕೊಡಬೇಕು.